ಮುಚ್ಚಳದ ಮೇಲಿನ ಇಸವಿ

ಕಳೆದ ಮಳೆಗಾಲದಲ್ಲಿ ಊರಿನಿಂದ ಚಿಕ್ಕಪ್ಪನ ಫೋನು ಬಂತು. ನಾನಿರುವುದು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ, ಚಿಕ್ಕಪ್ಪ ಇರುವುದು ಹೊಸನಗರ ತಾಲ್ಲೂಕಿನ ನಗರದ ಹತ್ತಿರದ ಹಳ್ಳಿಯಲ್ಲಿ. ಮಳೆಯ ಸದ್ದಿನ ನಡುವೆ ಅರ್ಧ ಮಾತು ಕೇಳಿಸಿತು, ಅರ್ಧ ಊಹಿಸಿಕೊಂಡೆ.

"ಒಬ್ಬ ಬಂದಿದ್ದ ಮಾರಾಯ. ಅಟ್ಟದ ಮೇಲಿನ ಕೇಪಿನ ಕೋವಿ ನೋಡಿ ಇದು ಟಿಪ್ಪು ಕಾಲದ್ದು ಅಂದ. ನಳಿಗೆ ಮೇಲೆ 1794 ಅಂತ ಕೆತ್ತಿದಾರಂತೆ. ಒಳ್ಳೆ ದುಡ್ಡು ಕೊಡ್ತೀನಿ ಅಂತಾನೆ. ನೀನು ಓದಿದವನು, ಹೌದಾ ಅಲ್ವಾ ಹೇಳು."

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೋವಿಯ ವಯಸ್ಸು ಹೇಳುವ ವಿದ್ಯೆ ಅದರಲ್ಲಿಲ್ಲ. ಆದರೂ "ಫೋಟೋ ಕಳಿಸಿ, ಅಲ್ಲೀತನಕ ಯಾರಿಗೂ ಕೊಡಬೇಡಿ" ಅಂದೆ. ಲೈಸೆನ್ಸಿನ ಕೋವಿಯನ್ನು ಸಂತೆಯ ಎಮ್ಮೆಯ ಹಾಗೆ ಕೈಬದಲು ಮಾಡುವಂತಿಲ್ಲ ಎನ್ನುವುದಷ್ಟೇ ನನಗೆ ಗೊತ್ತಿದ್ದ ಸಂಗತಿ.

ಆ ಮನುಷ್ಯನ ಮಾತನ್ನು ಚಿಕ್ಕಪ್ಪ ಅರ್ಧ ನಂಬಿದ್ದಕ್ಕೆ ಕಾರಣವಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಆ ಹೆಸರಿನ ಬಾಲವೇ ಇಂದಿನ ನಗರ. 2018ರಲ್ಲಿ ಅಲ್ಲಿಯ ಒಂದು ಪಾಳು ಬಾವಿಯ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಪುರಾತತ್ವ ಇಲಾಖೆಯವರು ಅವನ್ನು ಟಿಪ್ಪುವಿನ ಕಾಲದವೆಂದು ಗುರುತಿಸಿದರು. ಆಮೇಲೆ ನಮ್ಮ ಕಡೆ ತುಕ್ಕು ಹಿಡಿದ ಕಬ್ಬಿಣಕ್ಕೆಲ್ಲ ಟಿಪ್ಪುವಿನ ಹೆಸರು ಅಂಟಿಕೊಂಡಿತು.

ಆ ಸಂಜೆ ಮನೆ ಓನರ್ ಜೊತೆ ಮಾಳಿಗೆಯ ಮೇಲೆ ಕೂತು ಇದನ್ನು ಹೇಳಿದೆ. ಅವರು ನೌಕಾಪಡೆಯ ಡಾಕ್‌ಯಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸೋವಿಯತ್ ದೇಶದಿಂದ ಬಂದ ಯಂತ್ರಗಳ ನಡುವೆಯೇ ಬದುಕು ಕಳೆದದ್ದರಿಂದ ರಷ್ಯನ್ ಭಾಷೆ ಬಾರದಿದ್ದರೂ ಅದರ ಅಕ್ಷರ ಬಲ್ಲರು. ನಗುತ್ತಾ ತಮ್ಮ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಅವರ ತಮ್ಮನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹಳೆಯ ಸೋವಿಯತ್ ಸೈನ್ಯದ ರೈಫಲ್ಲುಗಳನ್ನು ಕೂಡಿಡುವ ಹವ್ಯಾಸದವರು ಬಹಳ. ಅವನೂ ಒಂದು ಎಸ್‌ಕೆಎಸ್ ಕೊಂಡು, "ದೊಡ್ಡಪ್ಪಾ, ಇದರ ಮೇಲೇನು ಬರೆದಿದೆ ಓದಿ ಹೇಳಿ" ಎಂದು ಕಳಿಸಿದ್ದ. ಚಿತ್ರದಲ್ಲಿ ಒಂದು ನಕ್ಷತ್ರ, ಅದರ ಕೆಳಗೆ 1949, ಪಕ್ಕದಲ್ಲಿ ತಲೆಕೆಳಗಾದ ಎಲ್‌ನಂಥ ಒಂದು ಸಣ್ಣ ಅಕ್ಷರ.

"ಅದು ರಷ್ಯನ್ನರ 'ಗ' ಬಾಬು. ಗೋದ್ ಅಂದರೆ ವರ್ಷ. ನಾಲ್ಕು ಅಂಕಿಯ ಪಕ್ಕ ಅದಿದ್ದರೆ ಅದು ಇಸವಿ. ಇಲ್ಲದಿದ್ದರೆ ಬರೀ ನಂಬರೂ ಇರಬಹುದು."

ಈ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಅದರ ಬೆನ್ನು ಹತ್ತಿ ಮುಂದಿನ ಕೆಲವು ವಾರ ರಾತ್ರಿ ಕೂತು ಓದಿದ್ದೇ ಈ ಬರಹ.

ಎಸ್‌ಕೆಎಸ್ ಅನ್ನುವುದು ಸಿಮೊನೊವ್ ಎಂಬ ವಿನ್ಯಾಸಕಾರ ರೂಪಿಸಿದ ರೈಫಲ್. ಇದರ ದೊಡ್ಡ ಪ್ರಮಾಣದ ತಯಾರಿ 1949ರಲ್ಲಿ ತೂಲಾ ನಗರದ ಕಾರ್ಖಾನೆಯಲ್ಲಿ ಶುರುವಾಯಿತು. 1953, 1954ರಲ್ಲಿ ಇಝೆವ್‌ಸ್ಕ್ ಕಾರ್ಖಾನೆಯೂ ಮಾಡಿತು. ತೂಲಾದ ಗುರುತು ನಕ್ಷತ್ರ, ಇಝೆವ್‌ಸ್ಕ್‌ನದು ತ್ರಿಕೋನದೊಳಗಿನ ಬಾಣ. ಮೊದಲ ವರ್ಷದ ಮಾಲಿಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಹಾಗಾಗಿ 1949 ಕಂಡರೆ ಅವರ ಕಣ್ಣು ಅರಳುತ್ತದೆ.

ಆದರೆ ಆ ಇಸವಿ ಎಲ್ಲಿರುತ್ತದೆ? ಬೋಲ್ಟನ್ನು ಮುಚ್ಚುವ ಉಕ್ಕಿನ ಮುಚ್ಚಳದ ಮೇಲೆ. ಮುಚ್ಚಳ ಬಿಚ್ಚಿ ತೆಗೆಯಬಹುದಾದ ಭಾಗ. ಸೋವಿಯತ್ ಸೈನ್ಯ ತನ್ನ ಬಂದೂಕುಗಳನ್ನು ಗೋದಾಮಿಗೆ ಹಾಕುವ ಮುಂಚೆ ರಾಶಿರಾಶಿಯಾಗಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುತ್ತಿತ್ತು. ಹಾಗೆ ದುರಸ್ತಿ ಕಂಡದ್ದಕ್ಕೆ ಒಂದು ಚೌಕ, ಅದರ ನಡುವೆ ಓರೆ ಗೆರೆ ಒತ್ತುವುದು ರೂಢಿ. ಆ ಜೋಡಣೆಯಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಹೋಗುವುದು ದೊಡ್ಡ ಮಾತಲ್ಲ. ಆದ್ದರಿಂದ ಬಲ್ಲವರು ಇಸವಿಯನ್ನು ಕೊನೆಗೆ ನೋಡುತ್ತಾರೆ. ಮೊದಲು ಮುಚ್ಚಳದ ನಂಬರೂ ಒಡಲಿನ ನಂಬರೂ ಒಂದೇ ಹೌದೋ ಎಂದು ನೋಡುತ್ತಾರೆ. ಆಮೇಲೆ ಬಯೊನೆಟ್ಟು. ತೀರಾ ಮೊದಲಿನವುಗಳಿಗೆ ದಬ್ಬಳದಂಥ ಚೂಪು ಬಯೊನೆಟ್ಟಿತ್ತು, 1949ರಲ್ಲೇ ಅದು ಹೋಗಿ ಚೂರಿಯಂಥದ್ದು ಬಂತು. ಇನ್ನು 1956ರ ಸುಮಾರಿನ ಕೆಲವಕ್ಕೆ ಇಸವಿಯೇ ಇಲ್ಲ, ನಂಬರಿನ ಜೊತೆ ಒಂದು ಅಕ್ಷರ ಮಾತ್ರ.

ಓನರ್ ತಮ್ಮನ ಮಗನ ರೈಫಲ್ಲಿನಲ್ಲಿ ಮುಚ್ಚಳದ ನಂಬರು ಬೇರೆ, ಒಡಲಿನದು ಬೇರೆ. ಓರೆ ಗೆರೆಯ ಚೌಕವೂ ಇತ್ತು. ಹುಡುಗ 1949 ಎಂದು ಹೆಚ್ಚು ದುಡ್ಡು ಕೊಟ್ಟಿದ್ದ. ಅದರಲ್ಲಿ 1949ರದೆಂದು ಖಚಿತವಾಗಿ ಹೇಳಬಹುದಾದದ್ದು ಮುಚ್ಚಳ ಒಂದೇ.

"ಮೂತ ನೋಡಿ ವಯಸ್ಸು ಹೇಳಬಾರದು ಬಾಬು" ಅಂದರು ಅವರು. ಮೂತ ಅಂದರೆ ತೆಲುಗಿನಲ್ಲಿ ಮುಚ್ಚಳ.

ಇದು ಬರೀ ಹವ್ಯಾಸಿಗಳ ಜಗಳವಲ್ಲ. ಎಸ್‌ಕೆಎಸ್‌ಗಿಂತ ಹಳೆಯದು 1891ರ ಮೊಸಿನ್ ರೈಫಲ್. ಅದು ತ್ಸಾರನ ಕಾಲದಿಂದ ಎರಡನೇ ಮಹಾಯುದ್ಧದವರೆಗೆ ದುಡಿಯಿತು. ಅದರ ನಳಿಗೆಯ ಬುಡದ ಮೇಲೆ ಎದ್ದು ಕಾಣುವ ಒಂದು ಇಸವಿ ಇರುತ್ತದೆ. ಆದರೆ ಮರದ ದಿಮ್ಮಿಯಿಂದ ಬಿಚ್ಚಿ ಉಕ್ಕಿನ ಒಡಲಿನ ಬಾಲವನ್ನು ಮಗುಚಿದರೆ ಅಡಿಯಲ್ಲಿ ಇನ್ನೊಂದು ಇಸವಿ ಸಿಗಬಹುದು. ಫಿನ್ಲೆಂಡಿನವರು ರಷ್ಯನ್ ಒಡಲುಗಳಿಗೆ ತಮ್ಮ ಹೊಸ ನಳಿಗೆ ಕೂರಿಸಿ ಬಳಸಿದ್ದರಿಂದ ಮೇಲೆ 1940ರ ಸುಮಾರು, ಕೆಳಗೆ 1890ರ ದಶಕ ಇರುವುದೂ ಉಂಟು. ಅಮೆರಿಕದ 1968ರ ಕಾಯ್ದೆಯ ಪ್ರಕಾರ 1899ಕ್ಕಿಂತ ಮೊದಲು ತಯಾರಾದದ್ದು ಪುರಾತನ ವಸ್ತು, ಆಮೇಲಿನದ್ದು ಬಂದೂಕು. ಕಾನೂನು ನೋಡುವುದು ಒಡಲನ್ನು. ಕಣ್ಣಿಗೆ ಕಾಣದ ಜಾಗದ ಎರಡು ಅಂಕಿಯ ಮೇಲೆ ಒಂದು ವಸ್ತುವಿನ ಜಾತಿಯೇ ತೀರ್ಮಾನವಾಗುತ್ತದೆ.

ನಮ್ಮಲ್ಲೂ ಹಾಗೆಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಹಾಳಾದ, ದುರಸ್ತಿ ಮಾಡಿದರೂ ಹಾರಿಸಲಾಗದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ಮೀರಿದ್ದನ್ನು ಪುರಾವಸ್ತು ಎಂದು ಕರೆದು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಅಂದರೆ ಚಿಕ್ಕಪ್ಪನ ಅಟ್ಟದ ಕೋವಿಗೆ ಎಷ್ಟು ವಯಸ್ಸು ಎನ್ನುವುದು ಕಥೆಯ ಪ್ರಶ್ನೆ ಮಾತ್ರ ಅಲ್ಲ.

ಅಷ್ಟರಲ್ಲಿ ಫೋಟೋ ಬಂತು. ಮಬ್ಬು ಬೆಳಕಿನಲ್ಲಿ ತೆಗೆದದ್ದು. ನಳಿಗೆಯ ಮೇಲೆ ಇಂಗ್ಲಿಷ್ ಅಂಕಿಗಳಲ್ಲಿ 1794. ಪಕ್ಕದಲ್ಲಿ ಬೇರೇನೂ ಇಲ್ಲ.

ಮೊದಲ ನೋಟಕ್ಕೆ ಖುಷಿಯಾಯಿತು. 1794 ಟಿಪ್ಪು ಬದುಕಿದ್ದ ವರ್ಷವೇ. ಎರಡನೇ ನೋಟಕ್ಕೆ ಒಂದು ಪ್ರಶ್ನೆ ಎದ್ದಿತು. ಶ್ರೀರಂಗಪಟ್ಟಣದ ಕಮ್ಮಾರ ಅದನ್ನು 1794 ಎಂದು ಯಾಕೆ ಬರೆದಾನು?

ಟಿಪ್ಪುವಿನ ಕಾಲಗಣನೆ ಕನ್ನಡ ನಾಡಿನ ಅತಿ ವಿಚಿತ್ರ, ಅತಿ ಸ್ವಾರಸ್ಯದ ಲೆಕ್ಕಗಳಲ್ಲಿ ಒಂದು. ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲಿ ಅವನು ಬಳಸಿದ್ದು ಎಲ್ಲರಂತೆ ಹಿಜರಿ ಶಕೆ. ಹಿಜರಿ ಶುದ್ಧ ಚಾಂದ್ರಮಾನ. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಬೆಳೆ ಮತ್ತು ಕಂದಾಯದ ಜೊತೆ ಹೊಂದುವುದಿಲ್ಲ. 1787ರಲ್ಲಿ ಅವನು ಮೌಲೂದಿ ಎಂಬ ಹೊಸ ಶಕೆ ತಂದ. ಪ್ರವಾದಿಯವರ ಹಿಜರತ್ತಿನಿಂದ ಎಣಿಸುವ ಬದಲು ಅವರ ಜನನದಿಂದ ಎಣಿಕೆ. ತಿಂಗಳುಗಳಿಗೆ ಹೊಸ ಹೆಸರು. ಆದರೆ ಒಳಗಿನ ಎಲುಬುಗೂಡು ನಮ್ಮ ಪಂಚಾಂಗದ್ದೇ. ಅಧಿಕಮಾಸ ಸೇರಿಸಿ ಸೌರಮಾನಕ್ಕೆ ಹೊಂದಿಸಿದ ಚಾಂದ್ರಮಾನ. ಮೊದಲ ತಿಂಗಳು ಅಹಮದಿ ಅಂದರೆ ಚೈತ್ರ. ಹೊಸ ವರ್ಷ ಶುರುವಾಗುವುದು ಯುಗಾದಿಯ ಆಸುಪಾಸಿನಲ್ಲಿ.

ಹೀಗಾಗಿ ಬಂದೂಕು, ಫಿರಂಗಿ, ನಾಣ್ಯಗಳ ಮೇಲಿನ ಇಸವಿ 1200ರ ಆಸುಪಾಸಿನಿಂದ ಒಮ್ಮೆಗೇ 1215ಕ್ಕೆ ನೆಗೆಯುತ್ತದೆ. ತಿಳಿಯದವರು ಇವೆರಡರ ನಡುವೆ ಹದಿನೈದು ವರ್ಷ ಎಣಿಸುತ್ತಾರೆ. ನಿಜಕ್ಕೂ ಅವು ಅಕ್ಕಪಕ್ಕದ ವರ್ಷಗಳು. ಇನ್ನೊಂದು ಗಂಟು ಅಂಕಿ ಬರೆಯುವ ದಿಕ್ಕು. ಅರಬ್ಬಿ ಲಿಪಿಯ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ ಬರುತ್ತದೆ. ಮೌಲೂದಿ ಇಸವಿಯಲ್ಲಿ ಟಿಪ್ಪು ಅದನ್ನೂ ತಿರುಗಿಸಿದ. ಅಂಕಿಯೂ ಬಲದಿಂದ ಎಡಕ್ಕೆ.

ನಮ್ಮ 1794ನ್ನೇ ತೆಗೆದುಕೊಳ್ಳಿ. ಮೌಲೂದಿಗೆ 572 ಕೂಡಿಸಿದರೆ ಆ ವರ್ಷ ಶುರುವಾದ ಕ್ರಿಸ್ತಶಕ ಸಿಗುತ್ತದೆ. ಆದ್ದರಿಂದ 1794ರ ಯುಗಾದಿಗೆ ಶುರುವಾದ ವರ್ಷ ಮೌಲೂದಿ 1222. ನಳಿಗೆಯ ಮೇಲೆ ಅದು ಪರ್ಷಿಯನ್ ಅಂಕಿಗಳಲ್ಲಿ, ನಮ್ಮ ಅಭ್ಯಾಸದ ಕಣ್ಣಿಗೆ 2221 ಎಂದು ಕಾಣುವಂತೆ ಇರುತ್ತದೆ. ತಿರುಗಿಸಿ 1222 ಎಂದು ಸರಿಯಾಗಿ ಓದಿದವನೂ ಅದನ್ನು ಹಿಜರಿ ಎಂದುಕೊಂಡರೆ 1807ಕ್ಕೆ ಹೋಗಿ ಬೀಳುತ್ತಾನೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅಲ್ಲಿಗೆ ಟಿಪ್ಪು ಸತ್ತು ಎಂಟು ವರ್ಷವಾದ ಮೇಲೆ ಅವನ ಕಾರ್ಖಾನೆ ಬಂದೂಕು ಮಾಡಿದಂತಾಯಿತು.

ಉತ್ತರ ಸರಿಯೋ ಎಂದು ನೋಡುವುದಕ್ಕೆ ಅವನ ಲೆಕ್ಕದಲ್ಲೇ ಇನ್ನೊಂದು ದಾರಿಯಿದೆ. ನಮ್ಮ ಪ್ರಭವ, ವಿಭವದ ಅರವತ್ತು ಸಂವತ್ಸರಗಳಿಗೆ ಅವನು ಬೇರೆ ಹೆಸರಿಟ್ಟ. ಪತ್ರಗಳಲ್ಲಿ, ಹುಕುಂಗಳಲ್ಲಿ ಈ ಹೆಸರುಗಳು ಬರುತ್ತವೆ. ಪ್ರತಿ ಹೆಸರಿನ ಅಕ್ಷರಗಳಿಗೂ ಒಂದೊಂದು ಬೆಲೆ, ಕೂಡಿದರೆ ಸಂವತ್ಸರದ ಕ್ರಮಸಂಖ್ಯೆ. 1222ರ ಹೆಸರು ರಾಸಿಖ್. ಹೊಸ ಲೆಕ್ಕದಲ್ಲಿ ರ 10, ಅಲಿಫ್ 1, ಸ 30, ಖ 7. ಒಟ್ಟು 48. ಪ್ರಭವದಿಂದ ಎಣಿಸಿದರೆ ನಲವತ್ತೆಂಟನೆಯದು ಆನಂದ. 1794ರ ಯುಗಾದಿಗೆ ಬಂದ ಸಂವತ್ಸರ ಆನಂದವೇ. 1226ರ ಹೆಸರು ಶಾದಾಬ್. ಶ 40, ಅಲಿಫ್ 1, ದ 8, ಮತ್ತೆ ಅಲಿಫ್ 1, ಬ 2. ಒಟ್ಟು 52. ಐವತ್ತೆರಡನೆಯದು ಕಾಳಯುಕ್ತಿ, ಅಂದರೆ 1798ರಿಂದ 1799. ನಾನು ಕಾಗದ ಪೆನ್ನು ಹಿಡಿದು ಒಂದೊಂದೇ ಹೆಸರು ಕೂಡುತ್ತಾ ಹೋದೆ. ಪ್ರತಿಯೊಂದೂ ಸರಿಯಾಗಿ ಕೂತಿತು. ಹೊರಗೆ ಪೆಂಡುರ್ತಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಗಳು ಹೋಗುತ್ತಲೇ ಇದ್ದವು. ಪರ್ಷಿಯನ್ ಹೆಸರಿನ ಹೊದಿಕೆಯ ಕೆಳಗೆ ಅಜ್ಜಿ ಬಾಯಿಪಾಠ ಹೇಳಿಸುತ್ತಿದ್ದ ಸಂವತ್ಸರಗಳು ಸಿಕ್ಕಿದ್ದು ನನಗೆ ನಿಧಿ ಸಿಕ್ಕಷ್ಟು ಸಂತೋಷ ಕೊಟ್ಟಿತು.

ಮರುದಿನ ಓನರ್‌ಗೆ ಆನಂದ ಸಂವತ್ಸರ ಎಂದ ಕೂಡಲೇ ಅವರು ಉತ್ತರದ ಕಡೆ ಕೈ ತೋರಿಸಿದರು. 1794ರ ಜುಲೈ 10ರಂದು, ಇಲ್ಲಿಂದ ದೂರವಲ್ಲದ ಪದ್ಮನಾಭಂನಲ್ಲಿ, ವಿಜಯನಗರಂ ಸಂಸ್ಥಾನದ ವಿಜಯರಾಮರಾಜು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೆದುರು ಹೋರಾಡಿ ಸತ್ತ. ಕಂಪನಿಯ ಕಾಗದದಲ್ಲಿ ಅದು 1794. ತೆಲುಗರಿಗೂ ನಮಗೂ ಆನಂದ. ಅದೇ ಹೊತ್ತಿಗೆ ಶ್ರೀರಂಗಪಟ್ಟಣದ ಕುಲುಮೆಯಲ್ಲಿ ನಳಿಗೆ ಕೊರೆಯುತ್ತಿದ್ದವನಿಗೆ 1222. ವರ್ಷ ಒಂದೇ, ಎಣಿಸುವವರು ಬೇರೆ. ಅಂಕಿ ಓದುವ ಮೊದಲು ಎಣಿಸಿದವನು ಯಾರೆಂದು ಕೇಳಬೇಕು ಎನ್ನುವುದು ನನಗೆ ಹೊಳೆದದ್ದು ಆಗ.

ಟಿಪ್ಪುವಿನ ಬಂದೂಕಿನಲ್ಲಿ ಇಸವಿ ಒಂಟಿಯಾಗಿರುವುದಿಲ್ಲ. ಬಬ್ರಿ ಎಂದು ಕರೆಯುವ ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ, ತಯಾರಾದ ಊರು ಇರುತ್ತವೆ. ಒಳ್ಳೆಯ ಬಂದೂಕಿನಲ್ಲಿ ಮಾಡಿದವನ ಹೆಸರೂ ಇರುತ್ತದೆ. ಪಟನ್ ಎಂದಿದ್ದರೆ ಶ್ರೀರಂಗಪಟ್ಟಣ, ನಗರ್ ಎಂದಿದ್ದರೆ ನಮ್ಮ ಬಿದನೂರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ತಾರಾಮಂಡಲ ಎಂಬ ಕಾರ್ಖಾನೆಗಳಿದ್ದವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಅದರ ನೆನಪು. ಸೋವಿಯತ್ ರೈಫಲ್ಲಿನ ನಕ್ಷತ್ರ ತೂಲಾವನ್ನು ಹೇಳುವ ಹಾಗೆ ಈ ಗುರುತುಗಳು ನಮ್ಮ ಊರುಗಳನ್ನು ಹೇಳುತ್ತವೆ. 1799ರ ಮೇಲೆ ಇವು ಕೊಳ್ಳೆಯ ಪಾಲಾಗಿ ಇಂಗ್ಲೆಂಡಿಗೆ ಹೋದವು. ವಿಂಡ್ಸರಿನ ರಾಜಸಂಗ್ರಹದಲ್ಲಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇವೆ. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಇವುಗಳ ಮೇಲೆ 1992ರಲ್ಲಿ ಪುಸ್ತಕವನ್ನೇ ಬರೆದ. 2015ರಲ್ಲಿ ಅವನ ಸಂಗ್ರಹ ಲಂಡನ್ನಿನ ಹರಾಜಿನಲ್ಲಿ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. ಅಷ್ಟು ಹಣ ಓಡಾಡುವ ಕಡೆ ನಮ್ಮ ಅಟ್ಟದ ಕೋವಿಗೂ ಗಿರಾಕಿ ಹುಟ್ಟುವುದು ಸಹಜವೇ.

ಟಿಪ್ಪುವಿನ ಬಗ್ಗೆ ನಮ್ಮ ಊರಲ್ಲಿ ಎರಡು ಮಾತಿವೆ, ಈ ಪತ್ರಿಕೆಯ ಓದುಗರಲ್ಲೂ ಇರಬಹುದು. ಆದರೆ ಆ ಜಗಳದಲ್ಲಿ ಯಾವ ಪಕ್ಷ ಹಿಡಿದರೂ ನಳಿಗೆಯ ಮೇಲಿನ ಪಟನ್, ನಗರ್ ಎಂಬ ಅಕ್ಷರ ಬದಲಾಗುವುದಿಲ್ಲ. ಅದಿರು ಕರಗಿಸಿದವರು, ನಳಿಗೆ ಕೊರೆದವರು, ಹುಲಿಪಟ್ಟೆ ತಿದ್ದಿದವರು ಇದ್ದದ್ದು ಆ ಊರುಗಳಲ್ಲಿ. ಎಲ್ಲವನ್ನೂ "ಟಿಪ್ಪುವಿನ ಬಂದೂಕು" ಎಂದು ಒಂದೇ ಮೂಟೆ ಕಟ್ಟಿದರೆ ಕಳೆದುಹೋಗುವವರು ಅವರು.

ಚಿಕ್ಕಪ್ಪನ ಕೋವಿಗೆ ಬರೋಣ. ಅದು ಕೇಪಿನ ಕೋವಿ. ಮದ್ದು ಗಿಡಿದು, ತೂತಿನ ಮೇಲೆ ಕೇಪು ಇಟ್ಟು, ಕುದುರೆ ಎಳೆದರೆ ಈಡು ಹಾರುತ್ತದೆ. ಸ್ಫೋಟಕ ಪುಡಿಯಿಂದ ಕಿಡಿ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಫೋರ್ಸೈತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಕೇಪು ಬಳಕೆಗೆ ಬಂದದ್ದು ಅದಕ್ಕೂ ಆಮೇಲೆ. ಟಿಪ್ಪುವಿನವು ಚಕಮಕಿ ಕಲ್ಲಿನ ಬಂದೂಕುಗಳು. ಚಕಮಕಿಯದನ್ನು ಆಮೇಲೆ ಕೇಪಿಗೆ ಬದಲಿಸಿಕೊಂಡದ್ದೂ ಉಂಟು. ಹಾಗಾಗಿ ಅದೊಂದರಿಂದಲೇ ತೀರ್ಪು ಕೊಡಲಾಗದು. ಮುಚ್ಚಳದ ಪಾಠ ನೆನಪಾಗಿ ಚಿಕ್ಕಪ್ಪನಿಗೆ ಹೇಳಿದೆ: "ಮರದಿಂದ ನಳಿಗೆ ಬಿಚ್ಚಿ, ಬುಡದ ಅಡಿಭಾಗ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಗಲು ಬೆಳಕಲ್ಲಿ ಫೋಟೋ ತೆಗೀರಿ."

ಎರಡು ದಿನ ಬಿಟ್ಟು ಚಿತ್ರ ಬಂತು. ಅಡಿಯಲ್ಲಿ ಎರಡು ಪುಟ್ಟ ಮುದ್ರೆ. ಎರಡರಲ್ಲೂ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ. ಒಂದರ ಜೊತೆ ವಿ, ಇನ್ನೊಂದರ ಜೊತೆ ಬಿ, ಪಿ, ಸಿ. ಇದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆಯ ಗುರುತು. ಹೆಚ್ಚು ಮದ್ದು ತುಂಬಿ ಹಾರಿಸಿ ನಳಿಗೆ ಒಡೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒತ್ತುವ ಮುದ್ರೆ. ಆ ಶಾಲೆ ಕಾಯ್ದೆಯಿಂದ ಸ್ಥಾಪನೆಯಾದದ್ದು 1813ರಲ್ಲಿ. ಈ ಬಗೆಯ ಮುದ್ರೆ 1904ರಲ್ಲಿ ಬದಲಾಯಿತು. ಅಲ್ಲಿಗೆ ನಮ್ಮ ಕೋವಿಯ ನಳಿಗೆ 1813 ಮತ್ತು 1904ರ ನಡುವಿನದು. 1794 ಅದರ ಇಸವಿಯಾಗಲು ಸಾಧ್ಯವೇ ಇಲ್ಲ.

ಹಾಗಾದರೆ 1794 ಏನು? ಓನರ್ ಮೊದಲ ದಿನವೇ ಹೇಳಿದ್ದರು, ಪಕ್ಕದಲ್ಲಿ ಗುರುತಿಲ್ಲದಿದ್ದರೆ ಅದು ಬರೀ ನಂಬರೂ ಇರಬಹುದು ಎಂದು. ಅಜ್ಜನ ಟ್ರಂಕಿನಲ್ಲಿ ಲೈಸೆನ್ಸಿನ ಹಳೆಯ ಪುಸ್ತಕವೇನಾದರೂ ಇದೆಯೇ ನೋಡಿ ಎಂದೆ. ಗೆದ್ದಲು ತಿಂದ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಅಜ್ಜನ ಹೆಸರು, ಊರು, ಬೆಳೆ ರಕ್ಷಣೆಗೆ ಎಂಬ ಒಕ್ಕಣೆ. ಕೆಳಗೆ "ಒಂಟಿ ನಳಿಗೆ ಕೇಪಿನ ಕೋವಿ, ನಂಬ್ರ 1794".

ಫೋನಿನಲ್ಲಿ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾರೆ ಟಿಪ್ಪುದಲ್ಲ" ಅಂದರು. ದನಿಯಲ್ಲಿ ಬೇಸರವಿತ್ತು. ಕೊಳ್ಳಲು ಬಂದವನಿಗೆ ಈ ಹಾಳೆಯ ಫೋಟೋ ಕಳಿಸಿದರಂತೆ. ಅವನು ಮತ್ತೆ ಫೋನು ಮಾಡಲಿಲ್ಲ. ಇದನ್ನು ಟಿಪ್ಪುವಿನದೆಂದು ಮಾರಿದ್ದರೆ ಒಂದು ಸುಳ್ಳಿನ ಜೊತೆ ಎರಡು ಕಾಯ್ದೆ ಚಿಕ್ಕಪ್ಪನ ಹೆಗಲ ಮೇಲೆ ಬೀಳುತ್ತಿದ್ದವು.

ಆ ಭಾನುವಾರ ಓನರ್ ಜೊತೆ ಆರ್‌ಕೆ ಬೀಚಿಗೆ ಹೋದೆ. ಅಲ್ಲಿ ಕುರ್ಸುರಾ ಜಲಾಂತರ್ಗಾಮಿ ಮರಳಿನ ದಂಡೆಯ ಮೇಲೆ ಮ್ಯೂಸಿಯಮ್ಮಾಗಿ ನಿಂತಿದೆ. ಸೋವಿಯತ್ ದೇಶದಲ್ಲಿ ಕಟ್ಟಿದ್ದು. ನೌಕಾಪಡೆಗೆ ಸೇರಿದ್ದು 1969ರ ಡಿಸೆಂಬರ್ 18ರಂದು, ನಿವೃತ್ತಿ 2001ರ ಫೆಬ್ರವರಿ 27ರಂದು, ಜನರಿಗೆ ತೆರೆದದ್ದು 2002ರ ಆಗಸ್ಟಿನಲ್ಲಿ. ಒಳಗೆ ಗೇಜುಗಳ ಮುಂದೆ ನಿಂತು ಅವರು ರಷ್ಯನ್ ಅಕ್ಷರ ಒಂದೊಂದೇ ಕೂಡಿಸಿ ಓದುತ್ತಿದ್ದರು. ಹಿಂದಿದ್ದ ಶಾಲೆಯ ಹುಡುಗನೊಬ್ಬ, "ತಾತಾ, ಇದಕ್ಕೆ ಎಷ್ಟು ವರ್ಷ?" ಎಂದು ಕೇಳಿದ.

"ಯಾವ ಭಾಗಕ್ಕೆ ಬಾಬು?" ಅಂದರು ಅವರು.

ಊರಿನ ಕೋವಿ ಈಗಲೂ ಅಟ್ಟದ ಮೇಲಿದೆ. ಚುನಾವಣೆ ಬಂದಾಗ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಮುಗಿದ ಮೇಲೆ ಮನೆಗೆ ಬರುತ್ತದೆ. ಈ ಸಲ ಹೋದಾಗ ಅಜ್ಜನ ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಬಂದೆ. ಚಿಕ್ಕಪ್ಪ ಅದನ್ನು ನಳಿಗೆಯ ಜೊತೆ ಕಟ್ಟಿಟ್ಟಿದ್ದಾರೆ.